ವಚನಗಳಲ್ಲಿ ನಿಸರ್ಗ ಮತ್ತು ಶಿವನ ಒಲವು

ಶರಣರಿಗೆ ನಿಸರ್ಗವೇ ಪಾಠಶಾಲೆಯಾಗಿತ್ತು ಎಂಬ ಮಾತು ವಚನ ಸಾಹಿತ್ಯದ ಉಪನ್ಯಾಸಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಹರಿಯುವ ನೀರು, ಬೀಸುವ ಗಾಳಿ, ಹಣ್ಣು ಹೊತ್ತ ಮರ, ಮರಿಯನ್ನು ಪೊರೆಯುವ ಹಕ್ಕಿ ಇವೆಲ್ಲವೂ ದೇವರ ಪ್ರೀತಿಯನ್ನು ಸಾರುತ್ತವೆ, ಶರಣರು ಅದನ್ನು ಓದಿ ನಮಗೆ ತಿಳಿಸಿದರು ಎಂಬುದು ಈ ಮಾತಿನ ತಾತ್ಪರ್ಯ. ಕೇಳಲು ಇಂಪಾದ ಈ ಮಾತನ್ನು ಒಮ್ಮೆ ಒರೆಗೆ ಹಚ್ಚಿ ನೋಡುವುದು ಅವಶ್ಯ. ಮಳೆ ಶಿವನ ಒಲವೆಂದು ಒಪ್ಪಿದವನು ಮಳೆ ಬಾರದ ವರ್ಷ ಏನೆನ್ನಬೇಕು? ತುಂಬಿದ ಹೊಳೆ ಕರುಣೆಯ ಪ್ರವಾಹವಾದರೆ, ಅದೇ ಹೊಳೆ ಮನೆಯೊಳಗೆ ನುಗ್ಗಿದಾಗ ಅದಕ್ಕೆ ಯಾವ ಹೆಸರು? ಈ ಪ್ರಶ್ನೆಗಳನ್ನು ಬದಿಗಿರಿಸಿ ನಿಸರ್ಗದ ಪಾಠಗಳನ್ನು ಪಟ್ಟಿ ಮಾಡುತ್ತ ಹೋದರೆ ವಚನಗಳು ಸವಿಮಾತಿನ ಸಂಗ್ರಹವಾಗಿ ಉಳಿಯುತ್ತವೆ. ಅವುಗಳ ಕೆಚ್ಚು ನಮ್ಮ ಕೈಗೆ ಸಿಗುವುದಿಲ್ಲ.

ಈ ಪ್ರಶ್ನೆ ಬರಿಯ ತರ್ಕಕ್ಕಾಗಿ ಎತ್ತಿದ್ದಲ್ಲ. ಅಫಜಲಪುರ, ಆಳಂದ, ಜೇವರ್ಗಿಗಳ ಸೀಮೆಯಲ್ಲಿ ಬಾಳಿದವರಿಗೆ ನಿಸರ್ಗ ಬಲು ಹತ್ತಿರದ್ದು. ಆದರೆ ಅದು ಸದಾ ಸೌಮ್ಯವಾದುದಲ್ಲ. ಎರೆಭೂಮಿಯ ಈ ನಾಡಿನಲ್ಲಿ ತೊಗರಿಯೂ ಬಿಳಿಜೋಳವೂ ಜೀವಾಳ. ಎರಡೂ ಬಹುಮಟ್ಟಿಗೆ ಮಳೆಯನ್ನೇ ನಂಬಿದ ಬೆಳೆಗಳು. 1972ರ ಬರವನ್ನು ಕಂಡವರು ಈ ಭಾಗದಲ್ಲಿ ಇನ್ನೂ ಇದ್ದಾರೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಕಡೆ ಸುರಿದ ಮಳೆಯಿಂದಲೂ ಉಜನಿ ಜಲಾಶಯದಿಂದ ಬಿಟ್ಟ ನೀರಿನಿಂದಲೂ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ಹಲವು ಊರುಗಳನ್ನು ಮುಳುಗಿಸಿತು. ಒಂದು ವರ್ಷ ನೀರಿಲ್ಲದ ಗೋಳು, ಇನ್ನೊಂದು ವರ್ಷ ನೀರು ಹೆಚ್ಚಾದ ಗೋಳು. ಇಂಥ ನೆಲದ ಮೇಲೆ ನಿಂತು ನಿಸರ್ಗದಲ್ಲಿ ದೇವರ ಪ್ರೀತಿಯನ್ನು ಕಾಣುವುದೆಂದರೇನು? ವಚನಗಳನ್ನು ಈ ನೆಲದ ಕಣ್ಣಿನಿಂದ ಓದಿದಾಗ ದೊರೆಯುವ ಉತ್ತರವನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಒಂದು ಭೇದವನ್ನು ಗುರುತಿಸಬೇಕು. ನಿಸರ್ಗದಿಂದ ನೀತಿ ಹೇಳುವ ಪದ್ಧತಿ ನಮ್ಮಲ್ಲಿ ವಚನಕಾರರಿಗಿಂತ ಹಳೆಯದು. ಮರ ಪರರಿಗಾಗಿ ಫಲಿಸುತ್ತದೆ, ನದಿ ಪರರಿಗಾಗಿ ಹರಿಯುತ್ತದೆ, ಆಕಳು ಪರರಿಗಾಗಿ ಹಾಲು ಕೊಡುತ್ತದೆ ಎಂದು ಸಂಸ್ಕೃತ ಸುಭಾಷಿತಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ಇಲ್ಲಿ ನಿಸರ್ಗ ಒಂದು ನಿದರ್ಶನ. ನೀತಿಯನ್ನು ಮೊದಲೇ ಗೊತ್ತುಮಾಡಿಕೊಂಡ ಕವಿ ಅದಕ್ಕೊಪ್ಪುವ ಮರವನ್ನು ಹುಡುಕಿ ತರುತ್ತಾನೆ. ನೀತಿ ತಿಳಿದ ಮೇಲೆ ಮರದ ಕೆಲಸ ಮುಗಿಯಿತು. ಶಾಲೆಯ ಪಾಠಗಳಲ್ಲಿ ವಚನಗಳನ್ನೂ ಇದೇ ರೀತಿಯಲ್ಲಿ ಬೋಧಿಸುವುದು ರೂಢಿ. ಹೋಲಿಕೆಯನ್ನು ವಿವರಿಸಿ, ಕೊನೆಗೆ ಒಂದು ಸಾಲಿನ ತಾತ್ಪರ್ಯವನ್ನು ಬರೆಸಿದರೆ ಪಾಠ ಸಂಪೂರ್ಣವಾಯಿತೆಂದು ಭಾವಿಸಲಾಗುತ್ತದೆ. ವಚನಗಳಲ್ಲಿ ನಿಸರ್ಗ ಇಷ್ಟು ಸುಲಭವಾಗಿ ನಿರ್ಗಮಿಸುವುದಿಲ್ಲ. ಅದು ಅಲ್ಲಿಯೇ ನಿಂತು ಓದುಗನನ್ನು ದಿಟ್ಟಿಸಿ ನೋಡುತ್ತದೆ.

ಜೇಡರ ದಾಸಿಮಯ್ಯನವರನ್ನು ತೆಗೆದುಕೊಳ್ಳೋಣ. ಬಸವಣ್ಣನವರಿಗಿಂತ ಹಿರಿಯರೆಂದು ಬಹುಮಂದಿ ವಿದ್ವಾಂಸರು ಎಣಿಸುವ ಈ ಶರಣರ ಊರು ಮುದನೂರು. ಅದು ಇಂದಿನ ಯಾದಗಿರಿ ಜಿಲ್ಲೆಗೆ ಸೇರಿದೆ. ಆ ಜಿಲ್ಲೆ ರೂಪುಗೊಳ್ಳುವವರೆಗೆ ಕಲಬುರಗಿ ಜಿಲ್ಲೆಯದೇ ಆಗಿತ್ತು. ಅವರದೊಂದು ಪ್ರಸಿದ್ಧ ವಚನದಲ್ಲಿ ಭೂಮಿ, ಅದರ ಮೇಲಿನ ಪೈರು, ಸುತ್ತ ಸುಳಿಯುವ ಗಾಳಿ ಈ ಮೂರನ್ನೂ ರಾಮನಾಥನು ಕೊಟ್ಟ ದಾನವೆಂದು ಎಣಿಸಲಾಗಿದೆ. ಈ ಮೂರರ ಆಯ್ಕೆಯನ್ನು ಗಮನಿಸಬೇಕು. ಭೂಮಿಯನ್ನು ಯಾವ ಮನುಷ್ಯನೂ ಮಾಡಿದ್ದಲ್ಲ. ಅದು ದಾನವೆಂಬುದರಲ್ಲಿ ಸಂಶಯವಿಲ್ಲ. ಗಾಳಿಗೆ ಬೇಲಿ ಹಾಕಲು ಯಾರಿಂದಲೂ ಆಗದು, ಅದೂ ದಾನವೇ. ನಡುವೆ ಬರುವ ಬೆಳೆಯಾದರೋ ಒಕ್ಕಲಿಗನ ಬೆವರಿನಿಂದ ಬಂದದ್ದು. ಅದನ್ನೂ ದಾನವೆನ್ನುವಾಗ ದಾಸಿಮಯ್ಯನವರು ನಮ್ಮನ್ನು ಒಂದು ಬಿಕ್ಕಟ್ಟಿಗೆ ಒಡ್ಡುತ್ತಾರೆ. ಕಾಯಕದ ಮಹತ್ವವನ್ನು ಎತ್ತಿಹಿಡಿದ ಪರಂಪರೆಯಲ್ಲಿ ದುಡಿದು ತೆಗೆದ ಬೆಳೆ ದಾನವಾಗುವುದು ಹೇಗೆ?

ಇದಕ್ಕೆ ಉತ್ತರ ಹೊಲದಲ್ಲಿಯೇ ಉಂಟು. ಉತ್ತವನೂ ಬಿತ್ತಿದವನೂ ಕಳೆ ತೆಗೆದವನೂ ರೈತನೇ ಆದರೂ ಬೀಜ ಮೊಳಕೆಯೊಡೆದದ್ದು ಅವನ ಅಪ್ಪಣೆಯಿಂದಲ್ಲ. ದುಡಿಮೆ ಬೆಳೆಗೆ ಬೇಕಾದದ್ದು. ಆದರೆ ದುಡಿಮೆಯೊಂದರಿಂದಲೇ ಬೆಳೆ ಬಾರದು. ಕೂಲಿ ಲೆಕ್ಕದ್ದು, ಮಾಡಿದಷ್ಟಕ್ಕೆ ಪಡೆಯುವ ಹಕ್ಕು ಅಲ್ಲಿದೆ. ದಾನ ಲೆಕ್ಕಕ್ಕೆ ಮೀರಿದ್ದು. ಅದನ್ನು ಪಡೆದವನಿಗೆ ಹಕ್ಕಿನ ಬದಲು ಋಣ ಹುಟ್ಟುತ್ತದೆ. ಆದುದರಿಂದಲೇ ಈ ವಚನ ಸೌಮ್ಯವಾದ ಸ್ತುತಿಯಲ್ಲಿ ಮುಗಿಯುವುದಿಲ್ಲ. ಉಂಡವರು ಕೊಟ್ಟವನನ್ನು ಮರೆತು ಬೇರೆಯವರನ್ನು ಕೊಂಡಾಡಿದರೆ ಅಂಥವರನ್ನು ನಾಯಿಗೆ ಹೋಲಿಸಿ ದಾಸಿಮಯ್ಯನವರು ಜರೆಯುತ್ತಾರೆ. ಪಠ್ಯಗಳಲ್ಲಿ ಈ ಬೈಗುಳಕ್ಕೆ ವಿವರಣೆ ಸಾಮಾನ್ಯವಾಗಿ ಚಿಕ್ಕದಾಗಿರುತ್ತದೆ. ವಚನದ ಭಾರವಾದರೋ ಅದರ ಮೇಲೆಯೇ ನಿಂತಿದೆ. ಅನ್ನ ಕೊಡುವವನು ತಾನೆಂದು ಹೇಳಿಕೊಳ್ಳುವ ಅರಸನಿಗೂ ಸಿರಿವಂತನಿಗೂ ಇಲ್ಲಿ ಸ್ಥಾನವಿಲ್ಲ. ದೇವರ ಪ್ರೀತಿಯನ್ನು ನಿಸರ್ಗದಲ್ಲಿ ಕಂಡವನ ತಲೆ ಇನ್ನೊಬ್ಬ ಮನುಷ್ಯನ ಮುಂದೆ ಹೊಗಳಿಕೆಗಾಗಿ ಬಾಗಬಾರದು ಎಂಬ ಸ್ವಾಭಿಮಾನ ಈ ಕೃತಜ್ಞತೆಯಿಂದಲೇ ಹುಟ್ಟಿದೆ.

ಈ ದಾನಪ್ರಜ್ಞೆ ಗ್ರಂಥದಲ್ಲಿ ಮಾತ್ರ ಉಳಿದುದಲ್ಲ. ನಮ್ಮ ಸೀಮೆಯ ಎಳ್ಳಮಾವಾಸ್ಯೆಯನ್ನು ನೆನೆಯಬಹುದು. ಆ ದಿನ ಮನೆಮಂದಿಯೆಲ್ಲ ಸಜ್ಜೆಯ ಕಡುಬು, ಭಜ್ಜಿ, ರೊಟ್ಟಿಗಳನ್ನು ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿಗೆ ಪೂಜೆ ಸಲ್ಲಿಸಿ, ತಾವು ಉಣ್ಣುವುದಕ್ಕೆ ಮೊದಲು ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಚರಗ ಚೆಲ್ಲುವವರಲ್ಲಿ ಎಷ್ಟೋ ಮಂದಿ ದಾಸಿಮಯ್ಯನವರ ವಚನವನ್ನು ಓದಿರಲಾರರು. ಆದರೂ ಆ ವಚನದ ಅರ್ಥವನ್ನು ಅವರ ಕೈ ಬಲ್ಲದು. ಬೆಳೆ ಇನ್ನೂ ಹೊಲದಲ್ಲಿ ನಿಂತಿರುವಾಗಲೇ, ರಾಶಿ ಎಷ್ಟಾಗುವುದೆಂದು ಗೊತ್ತಾಗುವುದಕ್ಕೆ ಮುಂಚೆಯೇ ಈ ಚರಗ ನಡೆಯುತ್ತದೆ. ಫಲವನ್ನು ಅಳೆದು ನೋಡಿ ಸಲ್ಲಿಸುವ ಕೃತಜ್ಞತೆ ವ್ಯಾಪಾರ. ಅಳೆಯುವುದಕ್ಕೆ ಮೊದಲೇ ಸಲ್ಲಿಸುವುದು ಭಕ್ತಿ. ಬರದ ವರ್ಷವೂ ಎಳ್ಳಮಾವಾಸ್ಯೆ ತಪ್ಪದೆ ಬರುತ್ತದೆ ಎಂಬುದನ್ನು ಈ ಸಂದರ್ಭದಲ್ಲಿ ಮರೆಯಬಾರದು.

ಬಸವಣ್ಣನವರ ವಚನಗಳಲ್ಲಿ ನಿಸರ್ಗ ಎರಡು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಚಕೋರ ಚಂದ್ರನಿಗಾಗಿ, ತಾವರೆ ಸೂರ್ಯನಿಗಾಗಿ, ದುಂಬಿ ಪರಿಮಳಕ್ಕಾಗಿ ಹಂಬಲಿಸುವಂತೆ ತಾವು ಕೂಡಲಸಂಗಮದೇವನಿಗಾಗಿ ಹಂಬಲಿಸುವುದಾಗಿ ಅವರು ಹೇಳಿದಾಗ ಅಲ್ಲಿರುವುದು ಕಾವ್ಯಪರಂಪರೆಯಿಂದ ಬಂದ ನಿಸರ್ಗ. ಇದಕ್ಕಿಂತ ಭಿನ್ನವಾದುದು ಅವರ ಕಾಗೆ ಮತ್ತು ಕೋಳಿ. ಒಂದು ಅಗುಳನ್ನು ಕಂಡ ಕಾಗೆ ಬಳಗವನ್ನೆಲ್ಲ ಕರೆಯುತ್ತದೆ, ಒಂದು ಕುಟುಕನ್ನು ಕಂಡ ಕೋಳಿ ತನ್ನವರನ್ನು ಕೂಗುತ್ತದೆ; ಭಕ್ತನೆನಿಸಿಕೊಂಡವನಲ್ಲಿ ಆ ಪಕ್ಷಪ್ರೀತಿ ಇಲ್ಲದಿದ್ದರೆ ಅವನು ಅವಕ್ಕಿಂತ ಕಡೆ ಎಂದು ಅಣ್ಣನವರು ನುಡಿಯುತ್ತಾರೆ. ಕಾವ್ಯದಲ್ಲಿ ಹಂಸ, ನವಿಲುಗಳಿಗಿದ್ದ ಮರ್ಯಾದೆ ಕಾಗೆಗೆ ಇರಲಿಲ್ಲ. ಕೋಳಿಗಂತೂ ತಿಪ್ಪೆಯೇ ಗತಿ. ಅಂಥ ಜೀವಿಗಳನ್ನು ಕರೆತಂದು ಭಕ್ತನ ಎದುರಿಗೆ ನಿಲ್ಲಿಸಿದ್ದು ಅಣ್ಣನವರ ಧೈರ್ಯ.

ಇಲ್ಲಿಯ ಸೂಕ್ಷ್ಮವೆಂದರೆ ಕಾಗೆಗೆ ಸಿಕ್ಕಿದ್ದು ಒಂದೇ ಅಗುಳು. ತುಂಬಿದ ಕಣದ ಮುಂದೆ ಬಳಗವನ್ನು ಕರೆಯುವುದು ಕಷ್ಟವಲ್ಲ. ಒಂದಗುಳಿನ ಮುಂದೆ ಕರೆಯುವುದು ಕಷ್ಟ. ಹಂಚಿಕೆಗೆ ಸಮೃದ್ಧಿ ಬೇಕೆಂಬ ನಮ್ಮ ವಾದವನ್ನು ಕಾಗೆ ಕೂಗಿಯೇ ಮುರಿಯುತ್ತದೆ. ದಾಸಿಮಯ್ಯನವರಲ್ಲಿ ದೇವರ ಪ್ರೀತಿ ದಾನವಾಗಿ ಕೆಳಗಿಳಿದು ಬಂತು. ಬಸವಣ್ಣನವರಲ್ಲಿ ಅದು ಒಬ್ಬನ ಕೈಯಲ್ಲಿ ನಿಲ್ಲಲು ಒಪ್ಪದೆ ಅಡ್ಡಲಾಗಿ ಹರಿಯತೊಡಗುತ್ತದೆ. ಹೊಲಗೇರಿಗೂ ಶಿವಾಲಯಕ್ಕೂ ನೆಲ ಒಂದೇ, ನೀರೂ ಒಂದೇ ಎಂಬ ಅವರ ಇನ್ನೊಂದು ವಚನದ ವಿಚಾರವನ್ನು ಇದರೊಡನೆ ಇಟ್ಟು ನೋಡಿದರೆ ಈ ಹರಿವಿಗೆ ಜಾತಿಯ ಒಡ್ಡು ಕಟ್ಟುವುದೂ ಕೃತಘ್ನತೆಯೇ ಎಂಬುದು ವಿದಿತವಾಗುತ್ತದೆ. ಬಾವಿಗೆ ಮೆಟ್ಟಿಲು ಕಟ್ಟಿದವನು ಮನುಷ್ಯನಿರಬಹುದು, ಒರತೆ ಅವನದಲ್ಲ.

ಅಣ್ಣನವರ ಮತ್ತೊಂದು ವಚನ ಮರೆಯಾದ ಪ್ರೀತಿಯನ್ನು ಕುರಿತದ್ದು. ನೀರಿನೊಳಗೆ ಅಡಗಿದ ಬೆಂಕಿ, ಸಸಿಯೊಳಗೆ ಅಡಗಿದ ರಸದ ರುಚಿ, ಮೊಗ್ಗಿನೊಳಗೆ ಅಡಗಿದ ಕಂಪು, ಕನ್ನೆಯ ಮನಸ್ಸಿನಲ್ಲಿ ಅಡಗಿದ ಸ್ನೇಹ ಇವುಗಳಿಗೆ ದೇವರ ಇರವನ್ನು ಹೋಲಿಸಲಾಗಿದೆ. ಯಾವ ಹೋಲಿಕೆಯಲ್ಲಿಯೂ ಪ್ರೀತಿ ಬಹಿರಂಗವಾಗಿಲ್ಲ ಎಂಬುದು ಗಮನಾರ್ಹ. ಇದರ ಮರ್ಮ ಹಿಂಗಾರಿ ಬಿಳಿಜೋಳವನ್ನು ಬೆಳೆದವರಿಗೆ ಬೇಗ ತಿಳಿಯುತ್ತದೆ. ಮಳೆಗಾಲ ಮುಗಿಯುತ್ತ ಬಂದಾಗ ಜೋಳವನ್ನು ಬಿತ್ತುತ್ತಾರೆ. ಮುಂದೆ ಆಕಾಶದಿಂದ ಹೆಚ್ಚೇನೂ ಬರುವುದಿಲ್ಲ. ಮೇಲೆ ನೆಲ ಬಿರಿದು ಒಣಗಿದಂತೆ ಕಂಡರೂ ಎರೆಮಣ್ಣು ತನ್ನ ಒಡಲಲ್ಲಿ ಹಿಡಿದಿಟ್ಟ ತೇವವನ್ನು ಬೇರಿಗೆ ಉಣಿಸುತ್ತ ಹೋಗುತ್ತದೆ. ಚಳಿಗಾಲದ ಬಿಸಿಲಲ್ಲಿ ತೆನೆ ಹಾಲುಗಟ್ಟುವುದು ಎಂದೋ ಸುರಿದು ಮರೆತುಹೋದ ಮಳೆಯಿಂದ. ಈಗ ಕಾಣದ್ದೆಲ್ಲ ಇಲ್ಲವೆಂದು ತೀರ್ಮಾನಿಸುವ ಅವಸರಕ್ಕೆ ಎರೆಭೂಮಿಗಿಂತ ಬೇರೆ ಉತ್ತರ ಬೇಕಿಲ್ಲ.

ಅಕ್ಕಮಹಾದೇವಿಯ ವಚನಗಳಿಗೆ ಬಂದಾಗ ವಿಮರ್ಶಕರು ಇನ್ನೂ ಹೆಚ್ಚಿನ ಎಚ್ಚರ ವಹಿಸಬೇಕು. ನವೋದಯ ಕಾಲದ ಕಾವ್ಯದಿಂದ ನಮ್ಮ ಅಭಿರುಚಿ ರೂಪುಗೊಂಡಿರುವುದರಿಂದ ಅಕ್ಕನನ್ನು ಪ್ರಕೃತಿಕವಿಯೆಂದು ಓದುವ ಅಭ್ಯಾಸ ಬೆಳೆದಿದೆ. ಕುವೆಂಪು ಅವರ ‘ದೇವರು ರುಜು ಮಾಡಿದನು’ ಕವಿತೆಯಲ್ಲಿ ಬಾನಿನಲ್ಲಿ ಹಾರುವ ಹಕ್ಕಿಗಳ ಸಾಲು ಸೃಷ್ಟಿಕರ್ತನ ಸಹಿಯಾಗಿ ಕವಿಗೆ ಗೋಚರಿಸುತ್ತದೆ. ನೋಡಿದ ಕ್ಷಣದಲ್ಲಿಯೇ ದರ್ಶನ ಸಿದ್ಧಿಸಿತು. ಅಕ್ಕನ ಹಕ್ಕಿಗಳು ಹಾಗಲ್ಲ. ಆಕೆ ಗಿಳಿ, ಕೋಗಿಲೆ, ದುಂಬಿ, ಹಂಸೆ, ನವಿಲುಗಳನ್ನು ಒಂದೊಂದಾಗಿ ಕರೆದು ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳುತ್ತಾಳೆ. ಓದುವ ಗಿಳಿ, ಹಾಡುವ ಕೋಗಿಲೆ, ಕೊಳದ ದಡದ ಹಂಸೆ ಪ್ರತಿಯೊಂದೂ ತನ್ನ ತನ್ನ ಬಾಳಿನಲ್ಲಿ ಮಗ್ನವಾಗಿದೆ. ಯಾವ ಹಕ್ಕಿಯೂ ಉತ್ತರ ಹೇಳಿದಂತೆ ವಚನದಲ್ಲಿ ಇಲ್ಲ. ಅವು ಆಕೆಗೆ ಪಾಠ ಹೇಳುವ ಗುರುಗಳೂ ಆಗಲಿಲ್ಲ, ದೇವರ ಸಹಿಯೂ ಆಗಲಿಲ್ಲ. ವಿರಹಿಣಿಯೊಬ್ಬಳು ದಾರಿಯಲ್ಲಿ ಕಂಡವರನ್ನೆಲ್ಲ ವಿಚಾರಿಸುವಂತೆ ಆಕೆ ವಿಚಾರಿಸುತ್ತಾಳೆ; ವಿಚಾರಿಸಿಕೊಳ್ಳುವ ಯೋಗ್ಯತೆ ಅವಕ್ಕೆ ಉಂಟೆಂದು ತಿಳಿಯುತ್ತಾಳೆ. ಅಕ್ಕನಲ್ಲಿ ನಿಸರ್ಗಕ್ಕೆ ದೊರೆತ ಗೌರವ ಇದು.

ಇನ್ನೊಂದು ವಚನದಲ್ಲಿ ಕಾಡೆಲ್ಲ ಅವನೇ, ಮರಗಳೆಲ್ಲ ಅವನೇ, ಮರಗಳ ನಡುವೆ ಆಡುವ ಮೃಗಪಕ್ಷಿಗಳೆಲ್ಲ ಅವನೇ ಎಂದು ಕಂಡುಕೊಂಡ ಬಳಿಕವೂ ಆಕೆಯ ಬೇಡಿಕೆ ನಿಲ್ಲುವುದಿಲ್ಲ. ಎಲ್ಲದರಲ್ಲಿ ತುಂಬಿದವನು ತನ್ನ ಮುಖವನ್ನು ತೋರಬೇಕೆಂದು ಆಕೆ ಹಟ ಹಿಡಿಯುತ್ತಾಳೆ. ಸರ್ವವ್ಯಾಪಿಯೆಂಬ ತತ್ತ್ವದಿಂದ ಪಂಡಿತನಿಗೆ ಸಮಾಧಾನ ದೊರೆಯಬಹುದು, ಪ್ರೀತಿಸಿದವಳಿಗೆ ದೊರೆಯುವುದಿಲ್ಲ. ಮನೆಯ ತುಂಬ ಮಗನ ವಸ್ತುಗಳಿದ್ದರೂ ತಾಯಿ ಮಗನ ಮುಖವನ್ನೇ ಬಯಸುತ್ತಾಳಲ್ಲವೇ? ನಿಸರ್ಗದಲ್ಲಿ ದೇವರ ಪ್ರೀತಿಯನ್ನು ಕಂಡೆವೆಂದು ತೃಪ್ತರಾಗಿ ಕುಳಿತುಬಿಡುವವರಿಗೆ ಅಕ್ಕ ಕೊಡುವ ಎಚ್ಚರಿಕೆ ಇಲ್ಲಿದೆ. ಬೆಟ್ಟದ ಮೇಲೆ ಮನೆ ಕಟ್ಟಿದವನು ಮೃಗಗಳಿಗೆ, ಕಡಲ ದಡದಲ್ಲಿ ಕಟ್ಟಿದವನು ತೆರೆಗಳಿಗೆ ಅಂಜಬಾರದು ಎಂಬ ಆಕೆಯ ಮಾತನ್ನೂ ಇದಕ್ಕೆ ಜೋಡಿಸಿಕೊಳ್ಳಬೇಕು. ಮೃಗ ಸಾಧುವಾಗುವುದೆಂದಾಗಲಿ ತೆರೆ ಶಾಂತವಾಗುವುದೆಂದಾಗಲಿ ಆಕೆ ಆಶ್ವಾಸನೆ ಕೊಡುವುದಿಲ್ಲ. ಹುಟ್ಟಿದ ಮೇಲೆ ಬಂದುದನ್ನು ಎದುರಿಸಿ ಸಮಚಿತ್ತದಿಂದಿರಬೇಕೆನ್ನುತ್ತಾಳೆ. ನಿಸರ್ಗದ ಉಗ್ರತೆಯನ್ನು ಮರೆಮಾಚದ ಭಕ್ತಿ ಇದು.

ಅಲ್ಲಮಪ್ರಭುದೇವರು ಈ ಸಂಬಂಧದ ಬೆರಗನ್ನು ಅಡುಗೆಮನೆಗೇ ತರುತ್ತಾರೆ. ಮಾವಿನ ಮರಕ್ಕೂ ಕೋಗಿಲೆಗೂ, ಬೆಟ್ಟದ ನೆಲ್ಲಿಕಾಯಿಗೂ ಕಡಲಿನ ಉಪ್ಪಿಗೂ ಎಲ್ಲಿಯ ನಂಟು ಎಂದು ಕೇಳಿ, ತಮಗೂ ಗುಹೇಶ್ವರನಿಗೂ ಇರುವ ನಂಟಿನ ಅಚ್ಚರಿಯನ್ನು ಸೂಚಿಸುತ್ತಾರೆ. ನೆಲ್ಲಿಕಾಯಿ ಉಪ್ಪನ್ನು ಬಯಸಿ ಬೆಳೆದುದಲ್ಲ. ಉಪ್ಪು ನೆಲ್ಲಿಕಾಯಿಗಾಗಿ ಹುಟ್ಟಿದ್ದೂ ಅಲ್ಲ. ಆದರೂ ಭರಣಿಯಲ್ಲಿ ಅವೆರಡೂ ಕೂಡಿದಾಗ ಒಂದೊಂದರಲ್ಲಿ ಇಲ್ಲದ ರುಚಿ ಹುಟ್ಟುತ್ತದೆ. ಪ್ರಭುದೇವರು ಈ ಕೂಟಕ್ಕೆ ಕಾರಣ ಹೇಳುವುದಿಲ್ಲ. ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಬಿಡುತ್ತಾರೆ. ಒಲವಿಗೆ ಕಾರಣ ಕೊಡಲು ಹೊರಟರೆ ಅದು ಒಲವಾಗಿ ಉಳಿಯದು ಎಂಬುದು ಅವರ ಮೌನದ ಇಂಗಿತವಿರಬೇಕು.

ಈ ದೃಷ್ಟಿ ಹನ್ನೆರಡನೆಯ ಶತಮಾನದೊಂದಿಗೆ ಮುಗಿದುಹೋಗಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಜೇವರ್ಗಿಯ ಷಣ್ಮುಖಸ್ವಾಮಿಗಳು ಅಖಂಡೇಶ್ವರ ಅಂಕಿತದಲ್ಲಿ ವಚನಗಳನ್ನು ರಚಿಸಿ ಷಟ್‌ಸ್ಥಲದ ಕ್ರಮಕ್ಕೆ ಹೊಸ ಬೆಳಕು ಕೊಟ್ಟರು. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರ ತತ್ತ್ವಪದಗಳನ್ನು ಏಕತಾರಿಯ ನಾದದೊಂದಿಗೆ ಹಾಡುವ ಪರಂಪರೆ ಈ ಸೀಮೆಯಲ್ಲಿ ಬೆಳೆದುಬಂತು. ಆದರೆ ಪ್ರಕೃತ ವಿಷಯಕ್ಕೆ ಅತ್ಯಂತ ಹತ್ತಿರವಾದ ನಿದರ್ಶನ ಗ್ರಂಥದಲ್ಲಿಲ್ಲ, ಒಬ್ಬ ಒಕ್ಕಲಿಗ ಶರಣರ ನಡೆಯಲ್ಲಿದೆ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಮುಂದೆ ಕಲಬುರಗಿಯಲ್ಲಿ ದಾಸೋಹ ನಡೆಸಿದ ಶರಣಬಸವೇಶ್ವರರು ಹೊಲದಲ್ಲಿ ತೆನೆಗೆ ಎರಗಿದ ಹಕ್ಕಿಗಳನ್ನು ಓಡಿಸುತ್ತಿರಲಿಲ್ಲ, ಅವಕ್ಕೆ ಕುಡಿಯಲು ನೀರನ್ನೂ ಇಡುತ್ತಿದ್ದರು ಎಂದು ಭಕ್ತರು ಹೇಳುತ್ತ ಬಂದಿದ್ದಾರೆ. ಹಾಗೆ ಬಿಟ್ಟುಕೊಟ್ಟರೂ ಅವರ ರಾಶಿ ಕುಂದಲಿಲ್ಲ ಎಂಬುದು ಆ ಕಥೆಯ ಮುಂದಿನ ಭಾಗ.

ಕಥೆಯ ಈ ಎರಡನೆಯ ಭಾಗವನ್ನೇ ನಾವು ಹೆಚ್ಚು ಮೆಚ್ಚುತ್ತೇವೆ. ಪವಾಡ ಯಾರಿಗೆ ಬೇಡ? ಆದರೆ ಕಥೆಯ ತಿರುಳಿರುವುದು ಮೊದಲನೆಯ ಭಾಗದಲ್ಲಿ. ಹಕ್ಕಿಗಳನ್ನು ಓಡಿಸದೆ ಬಿಟ್ಟಾಗ ರಾಶಿ ಹೆಚ್ಚುವುದೆಂಬ ಖಾತ್ರಿ ಶರಣರಿಗೆ ಇರಲಿಲ್ಲ. ಖಾತ್ರಿಯಿದ್ದರೆ ಅದು ಲಾಭದ ಬೇಸಾಯವಾಗುತ್ತಿತ್ತು. ದಾಸಿಮಯ್ಯನವರು ಹೇಳಿದಂತೆ ಬೆಳೆ ದಾನವಾದರೆ ಆ ದಾನದಲ್ಲಿ ಹಕ್ಕಿಗೂ ಪಾಲುಂಟು. ಬಸವಣ್ಣನವರ ಕಾಗೆ ತನ್ನ ಬಳಗವನ್ನು ಕರೆಯಿತು; ಇಲ್ಲಿ ಮನುಷ್ಯನೇ ಹಕ್ಕಿಯನ್ನು ಬಳಗವೆಂದು ಕರೆದಿದ್ದಾನೆ. ವಚನದ ಪಾಠವನ್ನು ವಚನಕ್ಕಿಂತ ಒಂದು ಹೆಜ್ಜೆ ಮುಂದೆ ಒಯ್ದ ನಡೆ ಇದು.

ಈಗ ಮೊದಲೆತ್ತಿದ ಪ್ರಶ್ನೆಗೆ ಮರಳಬಹುದು. ಮಳೆ ಒಲವಾದರೆ ಬರ ಏನು? ಬರವನ್ನು ದೇವರ ಮುನಿಸೆಂದೂ ನೆರೆಯನ್ನು ಪಾಪದ ಫಲವೆಂದೂ ವಿವರಿಸುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಮೇಲೆ ಪರಿಶೀಲಿಸಿದ ವಚನಗಳು ಆ ವಿವರಣೆಗೆ ಆಸರೆ ಕೊಡುವುದಿಲ್ಲ. ಭೀಮೆಯ ದಂಡೆಯಲ್ಲಿ ಮನೆ ಕಳೆದುಕೊಂಡವನ ಪಾಪವನ್ನು ಲೆಕ್ಕ ಹಾಕುವುದು ಶರಣರ ಕೆಲಸವಾಗಿರಲಿಲ್ಲ. ಎಲ್ಲೋ ಸುರಿದ ಮಳೆ, ಎಲ್ಲೋ ತುಂಬಿದ ಜಲಾಶಯ, ಇಲ್ಲಿ ಮುಳುಗಿದ ಹೊಲ ಇವುಗಳ ನಡುವೆ ಮನುಷ್ಯರ ನಿರ್ಧಾರಗಳೂ ಇವೆ. ಅವನ್ನೆಲ್ಲ ಶಿವನ ಹೆಸರಿಗೆ ಬರೆಯುವುದು ನ್ಯಾಯವಲ್ಲ. ಇತ್ತ ಅದೇ ಉಸಿರಿನಲ್ಲಿ ಎಲ್ಲವೂ ಅವನ ಲೀಲೆಯೆಂದು ಕೈಕಟ್ಟಿ ಕೂರುವುದೂ ಭಕ್ತಿಯಲ್ಲ. ವಚನಗಳು ಪ್ರಶ್ನೆಯ ದಿಕ್ಕನ್ನೇ ತಿರುಗಿಸುತ್ತವೆ. ಆಕಾಶ ಕೊಟ್ಟಿತೇ ಇಲ್ಲವೇ ಎಂದು ಕೇಳುತ್ತ ನಿಂತವನನ್ನು, ನಿನ್ನಲ್ಲಿರುವ ಒಂದಗುಳಿಗೆ ಯಾರನ್ನು ಕರೆದೆ ಎಂದು ಅವು ಕೇಳುತ್ತವೆ.

ಹೀಗೆಂದರೆ ದೇವರ ಪ್ರೀತಿ ಮನುಷ್ಯರ ಪರೋಪಕಾರವಾಗಿ ಕಿರಿದಾಯಿತಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ವಿಚಾರಾರ್ಹವಾದುದು. ಆದರೆ ದಾಸೋಹವನ್ನು ಪರೋಪಕಾರವೆಂದು ತಿಳಿಯುವುದರಿಂದ ಈ ಸಂಶಯ ಹುಟ್ಟುತ್ತದೆ. ಪರೋಪಕಾರದಲ್ಲಿ ಕೊಡುವವನು ನಾನೆಂಬ ಭಾವ ಉಳಿದಿರುತ್ತದೆ. ದಾಸೋಹದಲ್ಲಿ ಕೊಡುವವನು ದಾಸ, ಕೊಟ್ಟದ್ದು ಒಡೆಯನದು. ಎರೆಮಣ್ಣು ಹಿಡಿದಿಟ್ಟ ತೇವ ಮಣ್ಣಿನದಲ್ಲ, ಮಳೆಯದು; ಆದರೆ ಮಣ್ಣು ಹಿಡಿದಿಡದಿದ್ದರೆ ಬೇರಿಗೆ ತಲುಪುತ್ತಿರಲಿಲ್ಲ. ದೇವರ ಪ್ರೀತಿಗೂ ಭಕ್ತನಿಗೂ ಇರುವ ಸಂಬಂಧ ಇಷ್ಟೇ ಸರಳ, ಇಷ್ಟೇ ಹೊಣೆಯದು. ಮಳೆ ನಿಂತ ಮೇಲೆ ಜೋಳವನ್ನು ಸಾಕುವ ಭಾರ ಮಣ್ಣಿನ ಮೇಲೆ ಬೀಳುತ್ತದೆ.

ವಚನಗಳನ್ನು ಅಭ್ಯಸಿಸುವ ವಿದ್ಯಾರ್ಥಿಗಳು ನಿಸರ್ಗದ ಉಪಮೆ ಎದುರಾದಾಗ ತಾತ್ಪರ್ಯಕ್ಕೆ ಅವಸರಪಡದೆ ಮೂರು ವಿಷಯಗಳನ್ನು ವಿಚಾರಿಸುವುದು ಒಳ್ಳೆಯದು: ಅಲ್ಲಿಯ ಜೀವಿ ತನ್ನ ಪಾಡಿಗೆ ಏನು ಮಾಡುತ್ತಿದೆ, ವಚನಕಾರರು ಅದರ ಎದುರಿಗೆ ಯಾರನ್ನು ನಿಲ್ಲಿಸಿದ್ದಾರೆ, ಮತ್ತು ಕೊನೆಯ ಸಾಲಿನಲ್ಲಿ ಯಾರಿಗೆ ನೋವಾಗುತ್ತದೆ. ಯಾರಿಗೂ ನೋವಾಗದಂತೆ ಓದಿದ್ದರೆ ಆ ವಚನವನ್ನು ಇನ್ನೊಮ್ಮೆ ಓದಬೇಕು. ಭಕ್ತರಿಗೆ ಬೇರೆ ಹೇಳಬೇಕಾದುದಿಲ್ಲ. ಮುಂದಿನ ಎಳ್ಳಮಾವಾಸ್ಯೆಯಲ್ಲಿ ಚರಗ ಚೆಲ್ಲುವಾಗ ಮಗ್ಗುಲ ಹೊಲದವನ ಮನೆಯಲ್ಲಿ ಒಲೆ ಹೊತ್ತಿದೆಯೇ ಎಂದು ಒಮ್ಮೆ ತಿರುಗಿ ನೋಡಿದರೆ ಸಾಕು. ದಾಸಿಮಯ್ಯನವರ ವಚನಕ್ಕೆ ಅದಕ್ಕಿಂತ ಉತ್ತಮವಾದ ವ್ಯಾಖ್ಯಾನ ಇರಲಾರದು.